ಕಾಲಿಚಾ ಎಜೆ ಯಾರಿಗೂ ಹೇಳಲಿಲ್ಲ

ನಮ್ಮ ತೆರೆಕ್-ಸೂ ಊರಿನಲ್ಲಿ ಹಗಲು ಹೊತ್ತು ಯಾರ ಮನೆಯ ಬಾಗಿಲು ಮುಚ್ಚಿದ್ದರೂ ಸಂಜೆಯೊಳಗೆ ಅದಕ್ಕೆ ಹತ್ತು ಕಾರಣ ಹುಟ್ಟಿರುತ್ತವೆ. ಕಾಲಿಚಾ ಎಜೆಯ ಬಾಗಿಲು ಆ ವರ್ಷ ಹಿಮ ಕರಗಿದಾಗಿನಿಂದ ಮುಚ್ಚಿಕೊಂಡಿತ್ತು. ಜಂಬ ಬಂದಿದೆ ಎಂದರು ಕೆಲವರು. ಸೊಸೆಯ ಜೊತೆ ಮಾತು ಬಿಟ್ಟಿದ್ದಾಳೆ ಎಂದರು ಇನ್ನು ಕೆಲವರು. ನನ್ನ ಬಾಯೇನೂ ಸುಮ್ಮನಿರುವ ಬಾಯಲ್ಲ, ನಾನೂ ನನ್ನ ಪಾಲಿಗೆ ಒಂದು ಕಾರಣ ಸೇರಿಸಿದೆ.

ಕಾಲಿಚಾ ಎಜೆಗೆ ಐವತ್ತೇಳು ವರ್ಷ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ನಮಗೆಲ್ಲ ದೊಡ್ಡಕ್ಕ, ಅದಕ್ಕೇ ಎಜೆ. ನಮ್ಮಲ್ಲಿ ಹೆಂಗಸು ಸತ್ತರೆ ಅಂಗಳದಲ್ಲಿ ಉಣ್ಣೆಯ ಗುಡಾರ ಎತ್ತಿ ಅವಳನ್ನು ಅದರೊಳಗೆ ಮಲಗಿಸುತ್ತೇವೆ. ಮಣ್ಣಿಗೆ ಒಯ್ಯುವ ಮುಂಚೆ ಹಿರಿಯ ಹೆಂಗಸರು ಒಳಗೆ ಹೋಗಿ ಮೈ ತೊಳೆಯುತ್ತಾರೆ. ಅದು ಎಲ್ಲರಿಗೂ ಸಿಗುವ ಕೆಲಸವಲ್ಲ. ಮುಟ್ಟು ನಿಂತವಳಾಗಿರಬೇಕು, ಐದು ಹೊತ್ತು ನಮಾಜು ಓದುವವಳಾಗಿರಬೇಕು, ಒಳಗೆ ಕಂಡದ್ದನ್ನು ಹೊರಗೆ ಆಡದವಳಾಗಿರಬೇಕು. ಕಾಲಿಚಾ ಎಜೆ ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಸುರಿದುಕೊಂಡು ನೋಡುತ್ತಿದ್ದಳು, ಹೆಚ್ಚು ಬಿಸಿಯಾಗಿದ್ದರೆ ಸತ್ತವರಿಗೆ ಸುಟ್ಟೀತು ಎನ್ನುವ ಹಾಗೆ. ಅವಳ ಕೈಯಲ್ಲಿ ತೊಳೆಸಿಕೊಳ್ಳುವುದೆಂದರೆ ಪುಣ್ಯ ಎಂದು ಊರು ನಂಬಿತ್ತು.

ಆ ವರ್ಷ ಇಬ್ಬರು ಮುದುಕಿಯರು ತೀರಿಕೊಂಡರು. ಹೇಳಿ ಕಳಿಸಿದರೆ ಎಜೆ ಮೊಣಕಾಲು ನೋವು ಎಂದಳು, ಬರಲಿಲ್ಲ. ಎರಡೂ ಮನೆಯವರು ಮುಖ ಊದಿಸಿಕೊಂಡರು.

ಅದನ್ನಾದರೂ ಬಿಡಬಹುದಿತ್ತು. ಆದರೆ ಬೀದಿಯ ಕೊನೆಯ ಮನೆಯಲ್ಲಿ ಬುಕೆನ್ ಎಜೆ ಮಲಗಿದ್ದಳು. ಹುಡುಗಿಯರಿಗೆ ಕುರಾನು ಓದಿಸುತ್ತಿದ್ದ, ನಮಾಜು ಕಲಿಸುತ್ತಿದ್ದ ಬುಕೆನ್. ಇವಳೂ ಕಾಲಿಚಾಳೂ ಒಂದೇ ಶರತ್ಕಾಲದಲ್ಲಿ ಈ ಊರಿಗೆ ಸೊಸೆಯಂದಿರಾಗಿ ಬಂದವರು. ಅಂದಿನಿಂದ ಒಬ್ಬಳು ಸೀನಿದರೆ ಇನ್ನೊಬ್ಬಳು ಮೂಗು ಒರೆಸಿಕೊಳ್ಳುವಷ್ಟು ಗೆಳೆತನ. ಈಗ ಬುಕೆನ್‌ಳ ಹೃದಯ ಸೋತಿತ್ತು. ಕಾಲು ಬಾತುಕೊಂಡಿತ್ತು. ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿಬಿಟ್ಟಿದ್ದರು. ನೋಡಲು ಹೋದವರನ್ನೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು.

"ಕಾಲಿಚಾ ಬರ್ಲಿಲ್ವಾ?"

"ಮೊಣಕಾಲು ನೋವಂತೆ ಎಜೆ."

"ನನ್ನನ್ನ ಅವಳೇ ತೊಳೀಬೇಕು. ಮಾತು ಕೊಟ್ಟಿದಾಳೆ. ಹೇಳಿ ಅವಳಿಗೆ, ನಾನು ಜಾಸ್ತಿ ದಿನ ಕಾಯಲ್ಲ."

ಇದನ್ನು ಕೇಳಿ ಬಂದ ದಿನ ನನಗೆ ಕಾಲಿಚಾಳ ಮೇಲೆ ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷದ ಗೆಳತಿ ಸಾಯುತ್ತಿದ್ದಾಳೆ, ಈ ಮಹಾತಾಯಿಗೆ ಬೀದಿ ದಾಟಲು ಮೊಣಕಾಲು ಅಡ್ಡ ಬರುತ್ತದೆಯಂತೆ!

ನನ್ನ ಉರಿ ತಣ್ಣಗಾಗಿದ್ದು ಅವಳ ಸೊಸೆ ಜಾಜ್‌ಗುಲ್ ನಮ್ಮ ಮನೆಗೆ ಬಂದ ದಿನ. ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದೆ. ಹಿಟ್ಟು ಹುಳಿ ಬರಿಸಲು ಹೆಪ್ಪು ಕೇಳಲು ಬಂದವಳು ಬಟ್ಟಲು ಹಿಡಿದುಕೊಂಡೇ ಅಳಲು ಶುರುಮಾಡಿದಳು.

"ಉಮುತಾಯ್ ಎಜೆ, ನಾನೇನು ತಪ್ಪು ಮಾಡಿದೀನೋ ಗೊತ್ತಿಲ್ಲ. ಅಪಾ ನನ್ನ ಕೈಗೆ ಬಟ್ಟೆ ಕೊಡ್ತಿಲ್ಲ. ತಾವೇ ಕೊಟ್ಟಿಗೇಲಿ ಒಗೀತಾರೆ. ಹುಲ್ಲಿನ ಹಿಂದೆ ಒಣಗಿಸ್ತಾರೆ. ನನ್ನ ಕೈ ಅವರಿಗೆ ಅಸಹ್ಯ ಆಗೋಗಿದೆ."

ಅಪಾ ಎಂದರೆ ಅಮ್ಮ, ಅತ್ತೆಯನ್ನೂ ಹಾಗೇ ಕರೆಯುತ್ತೇವೆ. ಮನೆಯಲ್ಲಿ ಸೊಸೆ ಇದ್ದೂ ಅತ್ತೆ ತನ್ನ ಬಟ್ಟೆ ತಾನೇ ಒಗೆಯುವುದು ನಮ್ಮಲ್ಲಿ ಸೊಸೆಯ ಕೆನ್ನೆಗೆ ಹೊಡೆದ ಹಾಗೆ. ಹುಡುಗಿ ಅಳುವುದರಲ್ಲಿ ತಪ್ಪಿರಲಿಲ್ಲ.

"ಅಷ್ಟೇ ಅಲ್ಲ," ಎಂದಳು. "ನಮಾಜಿನ ಹೊತ್ತಿಗೆ ಬಾಗಿಲು ಹಾಕ್ಕೋತಾರೆ. ನಿನ್ನೆ ಚಹಾ ತಗೊಂಡು ಹೋದೆ. ಚಾಪೆ ಸುತ್ತಿದ ಹಾಗೇ ಇತ್ತು. ಅಪಾ ಗೋಡೆ ನೋಡ್ಕೊಂಡು ಕೂತಿದ್ರು. ನನ್ನ ನೋಡಿ ತುಟಿ ಆಡಿಸಕ್ಕೆ ಶುರು ಮಾಡಿದ್ರು, ಓದ್ತಿದೀನಿ ಅನ್ನೋ ಹಾಗೆ."

ಬಟ್ಟೆ ಬೇರೆ, ನಮಾಜು ಇಲ್ಲ, ಸತ್ತವರ ಹತ್ತಿರ ಹೋಗುವುದಿಲ್ಲ. ಬಾಣಲೆಯಲ್ಲಿ ಬೋರ್ಸೋಕ್ ಕಪ್ಪಾಗುತ್ತಿದ್ದುದು ನನಗೆ ಕಾಣಲೇ ಇಲ್ಲ. ಹೆಂಗಸಾಗಿ ಹುಟ್ಟಿದವಳಿಗೆ ಇಷ್ಟು ಸಾಕಲ್ಲವೇ, ಅಯ್ಯೋ ದೇವರೇ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಹಣೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಹೋಗಿ ಎಜೆಯ ಕೋಣೆಯ ಬಾಗಿಲು ತಟ್ಟಿದೆ.

"ಮೊಣಕಾಲು ನೋವು ಕಣೇ, ಏಳಕ್ಕಾಗಲ್ಲ. ಇನ್ನೊಂದ್ಸಲ ಬಾ."

"ಏಳ್ಬೇಡಿ ಬಿಡಿ, ನಾನೇ ಬರ್ತೀನಿ," ಎಂದು ಬಾಗಿಲು ತಳ್ಳಿ ಒಳಗೆ ಹೋದೆ.

ಎಷ್ಟು ಇಳಿದುಹೋಗಿದ್ದಳು! ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಸೊಂಟಕ್ಕೆ ಉಣ್ಣೆಯ ಶಾಲು ಬಿಗಿದು, ಅದರೊಳಗೆ ಬಿಸಿ ಮರಳಿನ ಚೀಲ ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿ ಕುರಿಬಾಲದ ಕೊಬ್ಬು ಕರಗಿಸಿದ ಚಹಾ.

"ಇದೇನು ಎಜೆ, ನೋವು ಮೊಣಕಾಲಿಗೆ, ಮರಳು ಸೊಂಟಕ್ಕೆ?"

ಅವಳು ನಗಲಿಲ್ಲ. "ಥಂಡಿ ಹತ್ತಿದೆ. ವಸಂತದಲ್ಲಿ ಉಣ್ಣೆ ತೊಳೀವಾಗ ಹೊಳೆ ಕಲ್ಲಿನ ಮೇಲೆ ಕೂತಿದ್ದೆ."

ನಮ್ಮ ಊರಿನ ಹೆಂಗಸರಿಗೆ ಸೊಂಟದ ಕೆಳಗೆ ಏನಾದರೂ ಅದು ಥಂಡಿ. ಮಕ್ಕಳಾಗದಿದ್ದರೆ ಥಂಡಿ, ಹೊಟ್ಟೆ ನೋವಾದರೆ ಥಂಡಿ, ರಕ್ತ ಹೆಚ್ಚು ಹೋದರೆ ಥಂಡಿ, ಹೋಗದಿದ್ದರೂ ಥಂಡಿ. ಪಾಪ, ಹೊಳೆಯ ಕಲ್ಲು ಎಷ್ಟು ಜನರ ಪಾಪ ಹೊರಬೇಕು?

ನಾನು ಹತ್ತಿರ ಕೂತೆ. "ರಕ್ತ ಹೋಗ್ತಿದೆಯಾ ಎಜೆ?"

ಅವಳು ಸೊಂಟದ ಶಾಲನ್ನು ಇನ್ನಷ್ಟು ಬಿಗಿದುಕೊಂಡಳು. ಆಮೇಲೆ, "ಯಾರು ಹೇಳಿದ್ರು?" ಎಂದಳು.

"ಯಾರೂ ಹೇಳ್ಲಿಲ್ಲ. ನನಗೂ ಹೋಗಿತ್ತು, ಅದಕ್ಕೇ ಗೊತ್ತಾಯ್ತು. ಮೂವತ್ತೆಂಟನೇ ವರ್ಷದಲ್ಲಿ. ಮುಟ್ಟು ಮುಗಿದು ವಾರ ಆಗೋದ್ರೊಳಗೆ ಮತ್ತೆ ಕಲೆ. ತಿಂಗಳಾನುಗಟ್ಟಲೆ ಹೀಗೇ. ನಮ್ಮತ್ತೆ ಥಂಡಿ ಅಂತ ಒಂದು ಕುರಿ ಕುಯ್ಸಿ ಹಸಿ ಚರ್ಮದಲ್ಲಿ ನನ್ನ ಸುತ್ತಿ ಮಲಗಿಸಿದ್ರು. ಕುರಿ ಹೋಯ್ತು, ರಕ್ತ ನಿಲ್ಲಲಿಲ್ಲ."

"ನಿಂದು ಬೇರೆ." ಎಂದಳು ಅವಳು. "ನಿನಗಿನ್ನೂ ಮುಟ್ಟಾಗೋ ವಯಸ್ಸು. ನನಗೆ ನಿಂತು ಆರು ವರ್ಷ ಆಗಿತ್ತು. ನಿಂತಿದ್ದು ಮತ್ತೆ ಬಂತು ಉಮುತಾಯ್. ಗಂಡ ಇಲ್ಲದವಳಿಗೆ ಮತ್ತೆ ಶುರುವಾಯ್ತು ಅಂದ್ರೆ ಜನ ಏನಂತಾರೆ? ದೇವರು ಕೊಟ್ಟ ಮರ್ಯಾದೆ ಅವನೇ ವಾಪಸ್ ಕಿತ್ಕೊಂಡ. ಮೈಲಿಗೆ ಮೈ ಇಟ್ಕೊಂಡು ನಮಾಜಿಗೆ ಹ್ಯಾಗೆ ನಿಲ್ಲಲಿ? ಸತ್ತವರನ್ನ ಹ್ಯಾಗೆ ಮುಟ್ಟಲಿ?"

"ಬುಕೆನ್ ಎಜೆ ದಿನಾ ನಿಮ್ಮನ್ನ ಕೇಳ್ತಿದಾರೆ."

ಅಷ್ಟಕ್ಕೇ ಅವಳು ಶಾಲು ಬಾಯಿಗೆ ತುರುಕಿಕೊಂಡು ಅತ್ತಳು. "ಹೋದ್ರೆ ಕೇಳ್ತಾಳಲ್ಲೇ, ತೊಳೀತೀಯಾ ತಾನೆ ಅಂತ! ಹೂಂ ಅಂದ್ರೆ ಸಾಯೋವಳಿಗೆ ಸುಳ್ಳು ಹೇಳಿದ ಹಾಗೆ. ಇಲ್ಲ ಅಂದ್ರೆ ಯಾಕೆ ಅಂತ ಹೇಳ್ಬೇಕು. ಮನೆ ತುಂಬ ಜನ ಇದಾರೆ, ಮೊಮ್ಮಕ್ಕಳ ಗಲಾಟೆ ಇದೆ, ನಾನು ಮಾತ್ರ ಒಬ್ಬಳೇ ಇದೀನಿ ಕಣೇ. ಇಷ್ಟು ಒಂಟಿ ನಾನು ಗಂಡ ಸತ್ತಾಗಲೂ ಇರ್ಲಿಲ್ಲ."

ಅವಳ ಕೈ ಹಿಡಿದುಕೊಂಡೆ. ಮರಳಿನ ಚೀಲದ ಪಕ್ಕದಲ್ಲೇ ಇದ್ದರೂ ಕೈ ತಣ್ಣಗಿತ್ತು.

"ಎಜೆ, ನನ್ನ ಗರ್ಭಕೋಶದ ಒಳಗೆ ಪಾಲಿಪ್ ಇತ್ತು. ಒಳಗಿನ ಪದರದಲ್ಲಿ ಬೆಳೆಯೋ ಸಣ್ಣ ಮಾಂಸದ ಕುಡಿ. ಹಳೇ ಶಾಲಿನ ಮೇಲೆ ಉಣ್ಣೆ ಗುಂಡುಗುಂಡಾಗಿ ಏಳುತ್ತಲ್ಲ, ಹಾಗೆ. ಡಾಕ್ಟರು ತೆಗೆದ್ರು. ಸಂಜೆಗೆ ಮನೆಗೆ ಬಂದೆ."

"ನಂದು ಕ್ಯಾನ್ಸರೇ ಇರ್ಬೇಕು. ಇದ್ರೆ ಇರ್ಲಿ. ಗೊತ್ತಾಗೋದು ಬೇಡ."

"ಇರಬಹುದು, ಇಲ್ದೇನೂ ಇರಬಹುದು. ನನಗೇನು ಗೊತ್ತು, ನಾನೇನು ಒಳಗೆ ಇಣುಕಿ ನೋಡಿದೀನಾ? ನೋಡೋರ ಹತ್ರ ಹೋಗೋಣ. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡ್ರೂ ತೋರಿಸ್ಲೇಬೇಕು ಅಂತ ನನಗೆ ಅವತ್ತೇ ಡಾಕ್ಟರು ಹೇಳಿದ್ರು. ನಿಮ್ಮ ಮರಳಿಗೂ ಕೊಬ್ಬಿಗೂ ಅದು ಹೆದರಲ್ಲ."

ಅವಳು ಒಪ್ಪಿದಳು, ಒಂದು ಷರತ್ತಿನ ಮೇಲೆ. ಸೊಸೆಗೆ ಗೊತ್ತಾಗಬಾರದು. ಆಗ ನನಗೆ ನಿಜವಾಗಿಯೂ ಸಿಟ್ಟು ಬಂತು.

"ಆ ಹುಡುಗಿ ನನ್ನ ಮನೇಲಿ ಬಟ್ಟಲು ತುಂಬ ಅತ್ತು ಹೋಗಿದಾಳೆ. ತನ್ನ ಕೈ ನಿಮಗೆ ಅಸಹ್ಯ ಆಗಿದೆ ಅನ್ಕೊಂಡಿದಾಳೆ. ನಿಮ್ಮ ಒಂಟಿತನ ಸಾಲದು ಅಂತ ಅವಳಿಗೂ ಒಂದು ಪಾಲು ಕೊಟ್ಟಿದೀರಲ್ಲ!"

ಎಜೆ ಮರಳಿನ ಚೀಲ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ತಾನೇ ಕೂಗಿದಳು. "ಜಾಜ್‌ಗುಲ್! ಬಾರಮ್ಮ ಇಲ್ಲಿ."

ಸೊಸೆ ಬಂದಳು. ಅತ್ತೆ ಹೇಳಿದಳು, ತಲೆ ಎತ್ತದೆ, ನಾಲ್ಕೇ ಮಾತಿನಲ್ಲಿ. ಜಾಜ್‌ಗುಲ್ ಮೊದಲು "ಇಷ್ಟೇನಾ ಅಪಾ?" ಎಂದಳು, ಆಮೇಲೆ ಅತ್ತೆಯ ಮಡಿಲಲ್ಲಿ ಮುಖ ಇಟ್ಟು ಅಳಲು ಶುರುಮಾಡಿದಳು. "ನಮ್ಮಕ್ಕನಿಗೂ ಇದೇ ಇತ್ತು ಅಪಾ. ಇನ್ನೂ ಇಪ್ಪತ್ತಾರು ವರ್ಷ ಅವಳಿಗೆ. ಬಸಿರು ನಿಲ್ತಿರ್ಲಿಲ್ಲ. ಪರೀಕ್ಷೆ ಮಾಡಿಸಿದ್ರೆ ಒಳಗೆ ಪಾಲಿಪ್ ಅಂದ್ರು. ನನ್ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲ."

ಇಪ್ಪತ್ತಾರರವಳಿಗೆ ಒಂದು, ಮೂವತ್ತೆಂಟರವಳಿಗೆ ಒಂದು, ಐವತ್ತೇಳರವಳಿಗೂ ಇರಬಹುದಾದದ್ದು ಒಂದು. ಒಂದೇ ಬೀದಿಯ ನೆಂಟರಿಷ್ಟರಲ್ಲಿ! ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ.

ಮೂವರೂ ನಾರಿನ್ ಪಟ್ಟಣಕ್ಕೆ ಹೋದೆವು. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿದರು. ದ್ರಾಕ್ಷಿಯಷ್ಟು ದಪ್ಪದ್ದು ಒಂದು ಒಳಪದರಕ್ಕೆ ಅಂಟಿಕೊಂಡು ಕಂಡಿತು.

"ಪಾಲಿಪ್ ಥರ ಕಾಣ್ತಿದೆ," ಎಂದರು. "ಹೆದರ್ಬೇಡಿ. ಇದು ನಿಮಗೊಬ್ಬರಿಗೆ ಬಂದಿದ್ದಲ್ಲ. ಹತ್ತು ಹೆಂಗಸರನ್ನ ನೋಡಿದ್ರೆ ಒಬ್ಬರಿಗಾದ್ರೂ ಇರುತ್ತೆ. ಚಿಕ್ಕ ಹುಡುಗೀರಲ್ಲಿ ಅಪರೂಪ. ನಲವತ್ತು ದಾಟಿದವರಲ್ಲಿ ಜಾಸ್ತಿ. ಮುಟ್ಟು ನಿಂತವರಲ್ಲೂ ನೋಡ್ತಾನೇ ಇರ್ತೀವಿ. ಎಷ್ಟೋ ಜನಕ್ಕೆ ಒಳಗಿದೆ ಅಂತಲೇ ಗೊತ್ತಿರಲ್ಲ."

"ಥಂಡಿಯಿಂದ ಬಂತಾ ಡಾಕ್ಟ್ರೇ?" ಎಜೆ ಬಿಡುವವಳಲ್ಲ.

"ಥಂಡಿಯಿಂದ ಅಲ್ಲ, ಕಲ್ಲಿನಿಂದ ಅಲ್ಲ, ಯಾರ ಕಣ್ಣೂ ಬಿದ್ದಿಲ್ಲ. ಅಲ್ಲಿನ ಪದರ ಒಂದು ಕಡೆ ಜಾಸ್ತಿ ಬೆಳೆದಿದೆ, ಅಷ್ಟೇ."

"ಕ್ಯಾನ್ಸರಾ?"

ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳಲಿಲ್ಲ. "ಬಹುಪಾಲು ಪಾಲಿಪ್ ಕೆಟ್ಟದ್ದಲ್ಲ. ಎಲ್ಲೋ ಕೆಲವರಲ್ಲಿ ಕೆಟ್ಟದ್ದಿರುತ್ತೆ, ಮುಟ್ಟು ನಿಂತು ರಕ್ತ ಕಂಡವರಲ್ಲಿ ಆ ಭಯ ಸ್ವಲ್ಪ ಹೆಚ್ಚು. ಅದಕ್ಕೇ ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಕ್ಯಾಮೆರಾ ಇರೋ ಸಣ್ಣ ಕೊಳವೆ ಕೆಳಗಿಂದ ಹಾಕಿ ತೆಗೀತೀವಿ, ಹೊಟ್ಟೆ ಕುಯ್ಯಲ್ಲ. ಬರೋ ವಾರ ಬನ್ನಿ. ತಡ ಮಾಡ್ಬೇಡಿ."

ವಾಪಸು ಬರುವಾಗ ಎಜೆ ವ್ಯಾನಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರಿನ ಬೀದಿ ಬಂದಾಗ ಥಟ್ಟನೆ, "ಬುಕೆನ್ ಮನೆ ಹತ್ರ ನಿಲ್ಸಪ್ಪ," ಎಂದಳು.

ಬುಕೆನ್ ದಿಂಬಿಗೆ ಒರಗಿ ಅರೆಗಣ್ಣು ಮುಚ್ಚಿದ್ದಳು. ಯಾರು ಬಂದರೆಂದು ಹೆಜ್ಜೆಯಲ್ಲೇ ಗೊತ್ತಾಗಿರಬೇಕು.

"ಬಂದ್ಯಾ ಮಹಾರಾಣಿ? ನಾನು ಸತ್ತ ಮೇಲೆ ಬರೋಣ ಅಂತಿದೀಯ ಅನ್ಕೊಂಡೆ."

ಕಾಲಿಚಾ ಅವಳ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದಳು. ಬುಕೆನ್ ಕೇಳುತ್ತ ಕೇಳುತ್ತ ನಗಲು ಶುರುಮಾಡಿದಳು. ನಗು ಕೆಮ್ಮಾಯಿತು. ನಾವು ನೀರು ಕುಡಿಸಿದೆವು.

"ಲೇ ಹುಚ್ಚಿ! ಅದು ಮುಟ್ಟಿನ ರಕ್ತ ಅಲ್ಲ ಕಣೇ. ಕಾಯಿಲೆ ರಕ್ತ. ಅದಕ್ಕೆ ನಮಾಜು ಬಿಡೋ ಹಾಗಿಲ್ಲ. ಹೊತ್ತು ಹೊತ್ತಿಗೆ ಶುಚಿ ಮಾಡ್ಕೊಂಡು, ಹೊಸದಾಗಿ ಕೈಕಾಲು ತೊಳ್ಕೊಂಡು ಓದ್ಬೇಕು. ಸತ್ತವರನ್ನ ತೊಳೆಯಕ್ಕೂ ಅದು ಅಡ್ಡಿ ಅಲ್ಲ. ಊರಿನ ಹುಡುಗೀರಿಗೆಲ್ಲ ಈ ಪಾಠ ಹೇಳಿಕೊಟ್ಟಿದೀನಿ. ನೀನು ಒಂದ್ಸಲ ಬಂದು ಕೇಳಿದ್ರೆ ನನ್ನ ನಾಲಿಗೆ ಸವೀತಿತ್ತಾ?"

"ನಾಚಿಕೆ ಆಯ್ತು."

ಬುಕೆನ್‌ಳ ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು. "ನನಗೂ ಆಗಿತ್ತು ಕಾಲಿಚಾ. ನಲವತ್ತೈದರಲ್ಲಿ. ಇದೇ ಪಾಲಿಪ್ಪು. ನಾರಿನ್‌ಗೆ ಹೋಗಿ ತೆಗೆಸ್ಕೊಂಡು ಬಂದೆ. ನಿನಗೆ ತಂಗಿ ಮನೆಗೆ ಹೋಗಿದ್ದೆ ಅಂತ ಹೇಳಿದ್ದೆ."

"ನನಗೆ ಹೇಳ್ಲಿಲ್ವಲ್ಲೇ ನೀನು!"

"ಹೇಳ್ಲಿಲ್ಲ. ಹೇಳಿದ್ರೆ ಇವತ್ತು ನೀನು ಹೀಗೆ ಕೂರ್ತಿರ್ಲಿಲ್ಲ."

ಇಬ್ಬರೂ ಕೈ ಹಿಡಿದುಕೊಂಡು ಕೂತರು. ನಾನೂ ಜಾಜ್‌ಗುಲ್‌ಳೂ ಹೊರಗೆ ಬಂದು ಜಗಲಿಯಲ್ಲಿ ನಿಂತೆವು. ಒಳಗೆ ಆಗಾಗ ನಗು ಕೇಳುತ್ತಿತ್ತು. ಅಷ್ಟು ದಿನದ ಮಾತನ್ನು ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸಲು ನೋಡುತ್ತಿದ್ದರು ಪಾಪ. ಎಲ್ಲಿ ಮುಗಿಯುತ್ತದೆ?

ಅದಾದ ಮೂರನೆಯ ದಿನ ಬುಕೆನ್ ಹೋಗಿಬಿಟ್ಟಳು. ಅಂಗಳದಲ್ಲಿ ಗುಡಾರ ಎದ್ದಿತು. ಕಾಲಿಚಾ ಎಜೆ ತೋಳು ಮಡಚಿಕೊಂಡು ಎಲ್ಲರ ಮುಂದೆ ಒಳಗೆ ನಡೆದಳು. ಯಾರೋ ಒಬ್ಬಳು "ಈಗ ಮೊಣಕಾಲು ವಾಸಿಯಾಯ್ತಾ?" ಎಂದು ಕುಟುಕಿದಳು. ಎಜೆ ಕೇಳಿಸಿಕೊಳ್ಳಲಿಲ್ಲ. ಬಿಸಿನೀರು ಒಳಗೆ ಕೊಡಲು ನಾನು ಹೋದಾಗ ಅವಳು ಬುಕೆನ್‌ಳ ಕೂದಲಿಗೆ ನೀರು ಹಾಕುತ್ತ, ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ಏನೋ ಮಾತಾಡುತ್ತಿದ್ದಳು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರೆ ನಿಮಗೆ ನಮ್ಮ ಎಜೆ ಗೊತ್ತಿಲ್ಲ. ಆಸ್ಪತ್ರೆಯ ದಿನ ಬಂದಾಗ ಹೊಸ ರಾಗ ತೆಗೆದಳು.

"ಬುಕೆನ್‌ಳ ನಲವತ್ತನೇ ದಿನದ ಊಟ ಆಗೋವರ್ಗೂ ಊರು ಬಿಡಲ್ಲ. ಅವಳನ್ನ ತೊಳೆದಾಯ್ತು, ನನಗಿನ್ನೇನು ಬೇಕು? ರಕ್ತ ಹೋದ್ರೆ ಹೋಗ್ಲಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಜಾಜ್‌ಗುಲ್ ಎದ್ದು ನಿಂತಳು. ಆ ಮನೆಗೆ ಬಂದಂದಿನಿಂದ ಅತ್ತೆಯ ಎದುರು ದನಿ ಎತ್ತಿದವಳಲ್ಲ.

"ನಿಮಗೇನೂ ಬೇಡದೇ ಇರಬಹುದು ಅಪಾ. ನನಗೆ ಅತ್ತೆ ಬೇಕು. ಡಾಕ್ಟರಮ್ಮ ತಡ ಮಾಡ್ಬೇಡಿ ಅಂದಿದ್ದು ನಾನೂ ಕೇಳಿಸ್ಕೊಂಡಿದೀನಿ. ವ್ಯಾನು ಹೊರಗೆ ನಿಂತಿದೆ. ನಿಮ್ಮ ಮಗನೂ ಬರ್ತಾರೆ, ಅವರಿಗೂ ಹೇಳಾಗಿದೆ."

"ಮಗನಿಗೂ ಹೇಳಿಬಿಟ್ಯಾ?" ಎಜೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೊರಗೆ ಮಗ ತಾಯಿಯ ಬೂಟನ್ನು ಬಿಸಿಲಿಗೆ ಇಟ್ಟು ಕಾಯುತ್ತಿದ್ದ. ಅವನೇನೂ ಕೇಳಲಿಲ್ಲ. "ಹತ್ತು ಅಪಾ, ಚಳಿ ಇದೆ," ಎಂದ, ಅಷ್ಟೇ.

ತೆಗೆದರು. ಸಂಜೆಗೆ ಮನೆಗೆ ಕರೆದುಕೊಂಡು ಬಂದೆವು. ಕೆಲವು ದಿನವಾದ ಮೇಲೆ ಪರೀಕ್ಷೆಯ ಫಲಿತಾಂಶ ಬಂತು. ಕೆಟ್ಟದ್ದೇನೂ ಇರಲಿಲ್ಲ. ಮತ್ತೆ ಎಂದಾದರೂ ರಕ್ತ ಕಂಡರೆ ಆ ದಿನವೇ ಬರಬೇಕು ಎಂದು ಡಾಕ್ಟರಮ್ಮ ಹೇಳಿದರು.

ಜಾಜ್‌ಗುಲ್ ಕುಣಿದಾಡಿದಳು. ನಾನು ದೇವರಿಗೆ ಕೈ ಎತ್ತಿದೆ. ಎಜೆ ಮಾತ್ರ ಬೀದಿಯ ಕೊನೆಯ ಕಡೆ ನೋಡುತ್ತ ಕೂತಿದ್ದಳು.

"ಗಂಟು ತೆಗೆಯಕ್ಕೆ ಅರ್ಧ ಗಂಟೆ ಸಾಕಾಯ್ತು ಉಮುತಾಯ್," ಎಂದಳು. "ವಸಂತ, ಬೇಸಿಗೆ, ಶರತ್ಕಾಲ. ಇಷ್ಟು ಉದ್ದಕ್ಕೂ ಅವಳು ಅಲ್ಲಿ ಮಲಗಿ ನನ್ನ ಕಾಯ್ತಿದ್ಲು, ನಾನು ಇಲ್ಲಿ ಗೋಡೆ ನೋಡ್ಕೊಂಡು ಕೂತಿದ್ದೆ. ಆ ದಿನ ನನಗೆ ಯಾವ ಡಾಕ್ಟರು ವಾಪಸ್ ಕೊಡ್ತಾರೆ?"

ನಾನೂ ಅವಳ ಪಕ್ಕ ಕೂತು ಬೀದಿಯ ಕೊನೆಯ ಕಡೆ ನೋಡಿದೆ.

ಅಕ್ಕತಂಗಿಯರೇ, ಅದಕ್ಕೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಮುಟ್ಟಿನ ನಡುವೆ ರಕ್ತ ಕಂಡರೆ, ಮುಟ್ಟಿನಲ್ಲಿ ಮಾಮೂಲಿಗಿಂತ ಬಹಳ ಹೆಚ್ಚು ಹೋದರೆ, ಗಂಡನ ಜೊತೆ ಸೇರಿದ ಮೇಲೆ ಕಂಡರೆ, ಬಸಿರು ನಿಲ್ಲದಿದ್ದರೆ, ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಕಲೆ ಕಂಡರೂ ಕಾಯಬೇಡಿ. ಅದು ಪಾಲಿಪ್ ಇರಬಹುದು, ಬೇರೇನಾದರೂ ಇರಬಹುದು. ನೋಡದೆ ಯಾರೂ ಹೇಳಲಾರರು, ನಾನೂ ಹೇಳಲಾರೆ, ನಿಮ್ಮ ಅತ್ತೆಯೂ ಹೇಳಲಾರಳು.

ಇದನ್ನು ಗುಂಪಿನಲ್ಲಿ ಕೂತು ಓದಿಸಿಕೊಳ್ಳುತ್ತಿದ್ದೀರಾದರೆ ಇನ್ನೊಂದು ಮಾತು. ಈಗ ನಿಮ್ಮ ನಡುವೆ ಯಾವಳೋ ಒಬ್ಬಳು ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿರಬಹುದು. ಅವಳ ಕಡೆ ಬೊಟ್ಟು ಮಾಡಬೇಡಿ, ಎಲ್ಲರ ಎದುರು ಕೇಳಬೇಡಿ. ಆದರೆ ಅವಳನ್ನು ಒಬ್ಬಳೇ ಮನೆಗೆ ಹೋಗಲು ಬಿಡಬೇಡಿ. ಜೊತೆಗೆ ನಡೆಯಿರಿ. ದಾರಿಯಲ್ಲಿ ನಿಮ್ಮದನ್ನು ಮೊದಲು ಹೇಳಿ.